ಎಂಬತ್ತೆಂಟನೆಯ ನಿಮಿಷದಲ್ಲಿ ಉಳಿ ಎತ್ತಿದವರು

ಟ್ರೋಫಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ ಮೊದಲ ದಿನವೇ ಯಜಮಾನರು ಒಳಕೋಣೆಯ ಕಡೆ ಗದ್ದ ಆಡಿಸಿ, "ಅಲ್ಲಿ ಎಂಬತ್ತೆಂಟು ಕೂತಿದ್ದಾರೆ, ಅವರ ತಂಟೆಗೆ ಹೋಗಬೇಡ" ಎಂದರು. ನನ್ನ ತಲೆಗೆ ಅದು ವಯಸ್ಸು ಎಂದೇ ಇಳಿಯಿತು. ಇಣುಕಿ ನೋಡಿದರೆ ಒಬ್ಬರು ನೆಟ್ಟಗೆ ಕೂತು, ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಯಾವುದೋ ಶಾಲೆಯ ಓಟದ ಸ್ಪರ್ಧೆಯ ಬಟ್ಟಲಿನ ಮೇಲೆ ಅಕ್ಷರ ಕೆತ್ತುತ್ತಿದ್ದರು. ಕೂದಲು ಅರ್ಧಕ್ಕರ್ಧ ಕಪ್ಪು. ಕೈಯಲ್ಲಿ ನಡುಕದ ಸುಳಿವಿಲ್ಲ. ಎಂಬತ್ತೆಂಟರಲ್ಲಿ ಹೀಗಿದ್ದಾರಲ್ಲ, ನನಗೆ ಇಪ್ಪತ್ತನಾಲ್ಕಕ್ಕೇ ಸೊಂಟ ಹಿಡಿಯುತ್ತದಲ್ಲ ಎಂದು ಬೆರಗಾದೆ. ಒಂದು ತಿಂಗಳು ಅವರ ಕಿವಿಯ ಹತ್ತಿರ ಬಾಯಿಟ್ಟು ಕಿರುಚಿ ಮಾತಾಡಿದೆ. ಮೆಟ್ಟಿಲಿಳಿಯುವಾಗ ಅವರು ಬೇಡವೆಂದರೂ ರಟ್ಟೆ ಹಿಡಿದುಕೊಂಡೆ. ಕೊನೆಗೊಂದು ದಿನ ತಡೆಯಲಾಗದೆ, "ಅಜ್ಜಾ, ಈ ವಯಸ್ಸಲ್ಲೂ ಇಷ್ಟು ಗಟ್ಟಿಯಾಗಿದ್ದೀರಲ್ಲ, ದಿನಾ ಏನು ತಿಂತೀರಿ?" ಎಂದು ಕೇಳಿಯೇಬಿಟ್ಟೆ.

ಅವರು ಉಳಿ ಕೆಳಗಿಟ್ಟರು. ನನ್ನನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿದರು.

"ಬೈಗುಳ" ಎಂದರು.

ಅವರಿಗಾಗ ಅರವತ್ತೂ ತುಂಬಿರಲಿಲ್ಲ. ಎಂಬತ್ತೆಂಟು ಎಂದರೆ ಒಂದು ಫುಟ್‌ಬಾಲ್ ಪಂದ್ಯದ ನಿಮಿಷ ಎಂದು ಅಂಗಡಿಯ ಮಿಕ್ಕವರು ಹೊಟ್ಟೆ ಹಿಡಿದು ನಗುತ್ತ ಹೇಳಿದರು. ದೇಶದಲ್ಲಿ ಅದು ಗೊತ್ತಿಲ್ಲದವನು ನಾನೊಬ್ಬನೇ ಇದ್ದೆನಂತೆ. ಫುಟ್‌ಬಾಲಿನ ಬಗ್ಗೆ ನನಗೆ ಗೊತ್ತಿದ್ದುದು ಚೆಂಡು ದುಂಡಗಿರುತ್ತದೆ ಎಂಬುದಷ್ಟೇ. ಅಂದಿನಿಂದ ಅವರನ್ನು ಮೇಸ್ತ್ರಿ ಎನ್ನತೊಡಗಿದೆ. ಇಲ್ಲೂ ಹಾಗೆಯೇ ಕರೆಯುತ್ತೇನೆ.

ಮೇಸ್ತ್ರಿ ಹುಡುಗನಾಗಿದ್ದಾಗ ನೆರೆಯ ಆರು ದೇಶಗಳು ಒಂದರ ಮುಖ ಒಂದು ನೋಡುತ್ತಿರಲಿಲ್ಲ. ಚೆಂಡಾಟ ಆಡಿಸಿದರೆ ಸ್ನೇಹ ಬೆಳೆಯುತ್ತದೆ ಎಂದು ಯಾರೋ ದೊಡ್ಡವರಿಗೆ ಹೊಳೆಯಿತು. ನಾಲ್ಕು ವರ್ಷಕ್ಕೊಮ್ಮೆ ಆಡುವುದೆಂದಾಯಿತು, ಪಂದ್ಯಾವಳಿಗೆ 'ನೆರೆಹೊರೆ ಕಪ್' ಎಂದು ಹೆಸರಾಯಿತು, ಬೆಳ್ಳಿಯ ಕಪ್ ಮಾಡಿಕೊಡುವ ಕೆಲಸ ಈ ಅಂಗಡಿಗೆ ಬಂತು. ಮೊದಲ ಸಲವೇ ಸ್ನೇಹ ಎಷ್ಟು ಬೆಳೆಯಿತೆಂದರೆ, ಯಾರ ಬಾವುಟದ ಕಂಬ ಎತ್ತರ ಎಂಬ ಜಗಳದಲ್ಲಿ ಎರಡು ತಂಡಗಳು ಚೆಂಡು ಮುಟ್ಟದೆ ಊರಿಗೆ ವಾಪಸ್ಸಾದವು. ಗೆದ್ದ ದ್ವೀಪದವರು ಕಪ್ ಹೊತ್ತುಕೊಂಡು ಹೋಗಿ, ಅದರ ಹೊಟ್ಟೆಯ ಮೇಲೆ ಮೊಳೆಯಿಂದ 'ಇದು ಇನ್ನೆಂದೆಂದಿಗೂ ನಮ್ಮದು' ಎಂದು ಗೀಚಿ, ಕೊಡುವುದಿಲ್ಲ ಎಂದು ಕೂತುಬಿಟ್ಟರು. ಅದನ್ನು ಬಿಡಿಸಿಕೊಂಡು ಬರಲು ಮಂತ್ರಿಗಳು ಹೋಗಬೇಕಾಯಿತು.

ಆಮೇಲೊಂದು ನಿಯಮ ಮಾಡಿದರು. ಗೆದ್ದವರ ಹೆಸರನ್ನು ಮೈದಾನದಲ್ಲೇ, ಎಲ್ಲರ ಕಣ್ಣೆದುರಿಗೇ ಕೆತ್ತಬೇಕು. ಕೆತ್ತಿದ ಮೇಲೆಯೇ ಕಪ್ ಕೈ ಬದಲಾಗಬೇಕು. ಕಪ್ ಎಲ್ಲಿಗೆ ಹೋದರೆ ಅಲ್ಲಿಗೆ ಅದನ್ನು ಮಾಡಿದ ಅಂಗಡಿಯ ಕೆತ್ತನೆಗಾರನೂ ಹೋಗಬೇಕು. ಆಗಷ್ಟೇ ಕೆಲಸ ಕಲಿತಿದ್ದ ಮೇಸ್ತ್ರಿ ಹಾಗೆ ದೇಶ ಸುತ್ತಿದರು. ಎರಡನೆಯ ಸಲ ಫೈನಲ್ ಸಮವಾಗಿ, ನಾಣ್ಯ ಚಿಮ್ಮಿದರೆ ಅದು ಕೆಸರಿನಲ್ಲಿ ನೆಟ್ಟಗೆ ನಿಂತುಬಿಟ್ಟಿತು. ಮತ್ತೊಮ್ಮೆ ಚಿಮ್ಮಿದ್ದಕ್ಕೆ ಸೋತವರು ಇವತ್ತಿಗೂ ಹಲ್ಲು ಕಡಿಯುತ್ತಾರೆ. ಮೂರನೆಯ ಸಲ ತಮ್ಮ ರಾಷ್ಟ್ರಗೀತೆಯನ್ನು ಬ್ಯಾಂಡಿನವರು ಶವಯಾತ್ರೆಯ ಹಾಡಿನಂತೆ ಎಳೆದರೆಂದು ಬೆಟ್ಟದ ದೇಶದವರು ಆಟ ಬಿಟ್ಟು ನಡೆದರು. ಮೈದಾನದಲ್ಲಿ ಉಳಿದವರ ಹೆಸರು ಕಪ್ ಮೇಲೆ ಬಿತ್ತು. ಹೀಗೆ ಒಂದೊಂದು ಹೆಸರಿನ ಹಿಂದೆಯೂ ಒಂದೊಂದು ರಂಪ. ಮೇಸ್ತ್ರಿಗೆ ಮಾತ್ರ ಅದರಲ್ಲಿ ಯಾವ ಪಾತ್ರವೂ ಇರಲಿಲ್ಲ. ಯಾರೇ ಗೆಲ್ಲಲಿ, ಅವರ ಅಕ್ಷರ ಒಂದೇ ಆಳ, ಒಂದೇ ಓರೆ.

ಕೆಲಸದ ಕ್ರಮವೂ ಅವರದೇ. ಎರಡೂ ತಂಡಗಳ ಹೆಸರನ್ನು ಬೆಳ್ಳಿಯ ಮೇಲೆ ಸೀಮೆಸುಣ್ಣದಲ್ಲಿ ಒಂದರ ಕೆಳಗೊಂದು ಬರೆದಿಟ್ಟುಕೊಳ್ಳುವುದು. ಆಟ ನಡೆಯುವಾಗ ವರ್ಷ, ಊರು ಮಾತ್ರ ಕೆತ್ತುವುದು. ಕೊನೆಯ ಸೀಟಿ ಕೇಳಿದ ಮೇಲೆ ಸೋತವರ ಹೆಸರನ್ನು ಹೆಬ್ಬೆರಳಿನಿಂದ ಒರೆಸಿ, ಗೆದ್ದವರ ಹೆಸರಿಗೆ ಉಳಿ ಇಡುವುದು. ಆಟಗಾರರು ಕೈ ಕುಲುಕಿ, ಅತ್ತು, ಅಂಗಿ ಬದಲಿಸಿಕೊಂಡು ಸಾಲು ನಿಲ್ಲುವಷ್ಟರಲ್ಲಿ ಕೆಲಸ ಮುಗಿದಿರುತ್ತಿತ್ತು.

ಐದನೆಯ ಕಪ್ ನಮ್ಮೂರಿಗೆ ಬಂತು. ಫೈನಲ್ಲಿನಲ್ಲಿ ನಾವು, ಎದುರಿಗೆ ಗಡಿಯಾಚೆಯವರು. ನಮ್ಮವರು ಅದುವರೆಗೆ ಒಂದು ಸಲವೂ ಗೆದ್ದವರಲ್ಲ. ಆಟಗಾರರು ಹೊರಬರುವ ಸುರಂಗದ ಬಾಯಲ್ಲಿ ಮೇಸ್ತ್ರಿಯ ಮೇಜು, ಹಿಂದೆ ಯಜಮಾನರು. ನಾವು ಎರಡು ಗೋಲು ಮುಂದಿದ್ದೆವು. ಎಲ್ಲಿಗೋ ವಿಮಾನ ಹತ್ತಬೇಕಾಗಿದ್ದ ಮುಖ್ಯ ಅತಿಥಿ ಆಗಲೇ ಎದ್ದು ನಿಂತು ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದರು.

"ಶುರು ಮಾಡಯ್ಯ, ಇನ್ನೇನು ನೋಡ್ತಾ ಕೂತಿದ್ದೀಯ?" ಎಂದರು ಯಜಮಾನರು.

"ಸೀಟಿ ಆಗ್ಲಿ ಯಜಮಾನ್ರೇ."

"ಸೀಟಿ ಎಲ್ಲಿಗೆ ಹೋಗುತ್ತೆ, ಆಗುತ್ತೆ. ಬರೀ ಕಪ್ ಕೊಡ್ತೀಯಾ ಅವರ ಕೈಗೆ? ನಾಳೆ ಪೇಪರಿನಲ್ಲಿ ನನ್ನ ಅಂಗಡಿ ಮಾನ ಹೋಗ್ಬೇಕಾ?"

"ಇದುವರೆಗೂ ಹಾಗೆ ಮಾಡಿಲ್ಲ..."

"ಇದುವರೆಗೂ ನಾವು ಗೆದ್ದೂ ಇಲ್ಲ. ಹಿಡಿ ಉಳಿ!"

ಮೇಸ್ತ್ರಿ ಗಡಿಯಾರ ನೋಡಿದರು, ತೊಂಬತ್ತು ನಿಮಿಷಕ್ಕೆ ಇನ್ನೆರಡೇ ಬಾಕಿ. ಎಂಬತ್ತೆಂಟು. ಅವರೂ ಮನುಷ್ಯರೇ ತಾನೇ. ತಮ್ಮ ದೇಶದ ಹೆಸರನ್ನು ಆ ಬೆಳ್ಳಿಯ ಮೇಲೆ ಕೆತ್ತಬೇಕೆಂಬ ಆಸೆ ಬೆರಳ ತುದಿಯಲ್ಲಿ ಅಷ್ಟು ವರ್ಷ ಕಾದು ಕೂತಿತ್ತು. ಹೆಬ್ಬೆರಳಿನಿಂದ ಗಡಿಯಾಚೆಯವರನ್ನು ಒರೆಸಿಹಾಕಿ, ನಮ್ಮ ಹೆಸರಿಗೆ ಉಳಿ ಇಟ್ಟರು.

ಅಷ್ಟು ಮಾತ್ರ ಆಗಿದ್ದರೆ ಸರಿಹೋಗುತ್ತಿತ್ತೇನೋ. ಎಲ್ಲಿಂದಲೋ ಬಂದ ಫೋಟೊದವನು ಮೇಜಿನ ಮೇಲೆ ಬಗ್ಗಿ ಚಕಚಕನೆ ನಾಲ್ಕು ಫೋಟೊ ಹೊಡೆದು, ಮೆಟ್ಟಿಲ ಕಡೆ ತಿರುಗಿ, "ಹೆಸರು ಕೆತ್ತಿ ಆಯ್ತು!" ಎಂದು ಕೂಗಿದ. ಮಾತು ಮೆಟ್ಟಿಲಿಂದ ಮೆಟ್ಟಿಲಿಗೆ ಹಾರಿ ಗ್ಯಾಲರಿ ಸುತ್ತಿತು. ಬೆಂಚಿನ ಮೇಲಿದ್ದ ಆಟಗಾರರು ಎದ್ದು ಅಪ್ಪಿಕೊಂಡರು. ಮೈದಾನದಲ್ಲಿದ್ದ ಇಬ್ಬರು ಜನರತ್ತ ಕೈ ಬೀಸಿದರು. ಹಾಗೆ ಬೀಸುತ್ತಿದ್ದಾಗಲೇ ಚೆಂಡು ಅವರ ಪಕ್ಕದಲ್ಲಿ ಹಾದು ಬಲೆಗೆ ಬಿತ್ತು. ಅದೇನಾಯಿತೆಂದು ತಿಳಿಯುವ ಮೊದಲೇ ಇನ್ನೊಂದು ಬಿತ್ತು. ಹೆಚ್ಚುವರಿ ಆಟದಲ್ಲಿ ಮೂರನೆಯದು. ಇಡೀ ಮೈದಾನ ಸತ್ತವರ ಮನೆಯಂತಾಯಿತು.

ಮೇಸ್ತ್ರಿ ಹೆರೆಯುವ ಉಳಿ ತೆಗೆದುಕೊಂಡು ನಮ್ಮ ಹೆಸರನ್ನು ಹೆರೆಯಲು ಕೂತರು. ಬೆಳ್ಳಿಯ ಸಿಬಿರು ಮೊಣಕಾಲ ಮೇಲೆ ಉದುರುತ್ತಿತ್ತು. ಗೆದ್ದ ತಂಡದ ನಾಯಕ ಮೇಜಿನ ಮೇಲೆ ಮೊಣಕೈ ಊರಿ, "ನಿಧಾನವಾಗಿ ಮಾಡಿ, ನಮಗೇನೂ ಅವಸರ ಇಲ್ಲ. ಅವಸರ ಇದ್ದದ್ದು ನಿಮಗೆ" ಎಂದ. ಸುತ್ತ ನಿಂತವರು ಹೊಟ್ಟೆ ತುಂಬ ನಕ್ಕರು. ಎಷ್ಟು ಹೆರೆದರೂ, ಎಷ್ಟು ಉಜ್ಜಿದರೂ ಗಡಿಯಾಚೆಯವರ ಹೆಸರಿನ ಅಡಿಯಿಂದ ನಮ್ಮ ಹೆಸರು ನೆರಳಿನಂತೆ ಕಾಣುತ್ತಲೇ ಇತ್ತು. ನಾಯಕ ಕಪ್ ಎತ್ತಿ ಕ್ಯಾಮೆರಾದವರಿಗೆ ಅದೇ ಜಾಗ ತೋರಿಸಿದ.

ಮರುದಿನ ಪೇಪರಿನಲ್ಲಿ ಮೇಸ್ತ್ರಿ ಉಳಿ ಹಿಡಿದ ಫೋಟೊ ಬಂತು. ಅಂಗಡಿಯ ಗಾಜು ಒಡೆಯಿತು. ಯಜಮಾನರು ಬಾಗಿಲಲ್ಲಿ ನಿಂತು, "ನಾನು ಬೇಡ ಬೇಡ ಅಂದೆ, ಅವನೇ ಕೇಳಲಿಲ್ಲ" ಎಂದರು. ಒಳಕೋಣೆಯಲ್ಲಿ ಕೂತಿದ್ದ ಮೇಸ್ತ್ರಿ ಅದನ್ನು ಕೇಳಿಸಿಕೊಂಡರು. ಎದ್ದು ಹೊರಗೆ ಬರಲಿಲ್ಲ. ಬೇರೆ ಎಲ್ಲಿ ಕೆಲಸ ಸಿಗುತ್ತಿತ್ತು ಅವರಿಗೆ?

ಗಡಿಯಾಚೆ ಆ ಫೋಟೊ ಬೆಂಕಿಪೊಟ್ಟಣದ ಮೇಲೆ ಬಂತು. ಗಡಿಯ ಈಚೆ ಅದಕ್ಕಿಂತ ಕಡೆ. ಪರೀಕ್ಷೆಗೆ ಹೊರಟ ಮಕ್ಕಳ ತಾಯಂದಿರು ಮೇಸ್ತ್ರಿಯನ್ನು ಕಂಡರೆ ಮಕ್ಕಳ ಕೈ ಹಿಡಿದು ಆಚೆ ಬದಿಗೆ ದಾಟುತ್ತಿದ್ದರು. ಬಸ್ಸಿನಲ್ಲಿ ಕಂಡಕ್ಟರ್, "ಎಂಬತ್ತೆಂಟು, ಒಳಗೆ ಬನ್ನಿ, ಒಳಗೆ ಬನ್ನಿ. ಆದ್ರೆ ಸ್ಟಾಪ್ ಬರೋಕೆ ಮುಂಚೆನೇ ಇಳಿದುಬಿಡಬೇಡಿ" ಎನ್ನುತ್ತಿದ್ದ. ಮೊದಮೊದಲು ಅದನ್ನು ಸಿಟ್ಟಿನಿಂದ ಹೇಳುತ್ತಿದ್ದರು, ಆಮೇಲೆ ತಮಾಷೆಗೆ. ಸಿಟ್ಟಾದರೆ ಎಂದಾದರೂ ಆರುತ್ತದೆ. ತಮಾಷೆಗೆ ಸಾವಿಲ್ಲ.

ಮೇಸ್ತ್ರಿಯ ಮಗ ಒಳ್ಳೆಯ ಗೋಲ್‌ಕೀಪರ್ ಆಗಿದ್ದನಂತೆ. ಆಯ್ಕೆಯ ದಿನ ಕೋಚ್ ಅವನ ಹೆಗಲ ಮೇಲೆ ಕೈಯಿಟ್ಟು, "ನೀನೇನೋ ಚೆನ್ನಾಗಿ ಆಡ್ತೀಯಪ್ಪ. ಆದ್ರೆ ನೀನು ನಿಂತ್ರೆ ಮಿಕ್ಕ ಹತ್ತು ಜನಕ್ಕೆ ಕಾಲು ನಡುಗುತ್ತೆ" ಎಂದು ಮನೆಗೆ ಕಳಿಸಿದ. ಮಗ ಆವತ್ತು ಬೂಟು ಬಿಚ್ಚಿ ಅಪ್ಪನ ಮೇಜಿನ ಮೇಲಿಟ್ಟ, ಉಳಿಗಳ ಪಕ್ಕದಲ್ಲೇ. ಈಗ ಲಿಫ್ಟ್ ರಿಪೇರಿ ಮಾಡುತ್ತಾನೆ. ಅವನಿಗೆ ಹೆಣ್ಣು ಮಗುವಾದಾಗ ಮೇಸ್ತ್ರಿ ಬೆಳ್ಳಿಯದೊಂದು ಪುಟ್ಟ ಲೋಟ ಮಾಡಿಕೊಂಡು ಹೋದರು. "ಹೆಸರು ಹೇಳು, ಇಲ್ಲೇ ಕೂತು ಕೆತ್ತಿ ಕೊಡ್ತೀನಿ" ಎಂದರು.

"ಬೇಡಪ್ಪ" ಎಂದ ಮಗ.

"ಯಾಕೋ? ಚಿಕ್ಕದಾಗಿ, ಅಂಚಲ್ಲಿ."

"ಬರೀ ಲೋಟನೇ ಚೆನ್ನಾಗಿದೆ. ನೀವು ನನ್ನ ಮಗಳ ಹೆಸರು ಯಾವುದರ ಮೇಲೂ ಕೆತ್ತಬೇಡಿ."

ಮೇಸ್ತ್ರಿ ಲೋಟ ಇಟ್ಟು ಮನೆಗೆ ಬಂದರು. ಆ ರಾತ್ರಿ ಊಟಕ್ಕೆ ಕೂತಾಗ ಹೆಂಡತಿಗೆ, "ಕೈ ಬೀಸಿದ್ದು ಅವರು, ಚೆಂಡು ಬಿಟ್ಟಿದ್ದು ಅವರು. ಸೋತಿದ್ದು ಆಡಿದವರು ಕಣೇ. ಒಬ್ಬರಾದರೂ ಹಾಗೆ ಅಂದರೆ ಸಾಕು" ಎಂದರಂತೆ. ಇಪ್ಪತ್ತನಾಲ್ಕು ವರ್ಷದಲ್ಲಿ ಒಬ್ಬರೂ ಅಂದಿರಲಿಲ್ಲ. ಹೆಂಡತಿಯೂ ಅನ್ನಲಿಲ್ಲ, ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿದರು.

ಈ ವರ್ಷ ನೆರೆಹೊರೆ ಕಪ್ ಮತ್ತೆ ನಮ್ಮೂರಿಗೆ ಬಂತು, ನಮ್ಮವರೂ ಮತ್ತೆ ಫೈನಲ್ ತಲುಪಿದರು, ಎದುರಿಗೆ ಮತ್ತೆ ಅವರೇ. ಫುಟ್‌ಬಾಲ್ ಸಂಘದ ಕಾರ್ಯದರ್ಶಿ ಅಂಗಡಿಗೆ ಬಂದು, ಒಳಕೋಣೆಯ ಸ್ಟೂಲಿನ ಮೇಲೆ ಧೂಳು ಒರೆಸಿ ಕೂತು, "ಇಷ್ಟು ವರ್ಷ ಬೇರೆಯವರು ಕೆತ್ತಿದ್ದು ಸಾಕು, ಕಪ್ ಮೇಲೆ ಈ ಸಲ ನೀವೇ ಕೆತ್ತಬೇಕು. ಸೀಟಿ ಆದ ಮೇಲೆ! ಹಹ್ಹಹ್ಹಾ! ಟಿವಿಯವರೂ ಕೇಳ್ತಿದ್ದಾರೆ. ಜನ ಹಳೇದನ್ನೆಲ್ಲ ಮರೆತು ಕ್ಷಮಿಸೋ ಹೊತ್ತಿದು" ಎಂದ. ಮೇಸ್ತ್ರಿ ಆಗಲಿ ಎಂದರು. ಅಷ್ಟು ಬೇಗ ಒಪ್ಪಿದ್ದು ಕಂಡು ಯಜಮಾನರಿಗೇ ದಿಗಿಲಾಯಿತು. ಪೆಟ್ಟಿಗೆ ಹೊರಲು ನನ್ನನ್ನು ಜತೆಗೆ ಹಾಕಿದರು.

ಫೈನಲ್ಲಿನ ಬೆಳಿಗ್ಗೆ ನಾನು ಮನೆಗೆ ಹೋದಾಗ ಗಂಡ ಹೆಂಡತಿಗೆ ಅದೇ ಮಾತು ನಡೆದಿತ್ತು.

"ರೀ, ನಿಮ್ಮನ್ನ ಕುಣಿಸೋಕೆ ಕರೀತಿದ್ದಾರೆ, ಅಷ್ಟೂ ಗೊತ್ತಾಗಲ್ವಾ?"

"ಗೊತ್ತಾಗುತ್ತೆ."

"ಮತ್ತೆ?"

"ಈ ಸಲ ನಾನು ಸೀಟಿ ಆಗೋವರೆಗೂ ಮುಟ್ಟಲ್ಲ. ಕೈ ಕಟ್ಟಿಕೊಂಡು ಕೂತಿರ್ತೀನಿ. ದೇಶವೆಲ್ಲ ನೋಡ್ತಿರುತ್ತೆ. ನಾನು ಮುಟ್ಟದೇ ಇದ್ರೂ ನಮ್ಮವರು ಸೋತ್ರು ಅನ್ನು. ಆವಾಗ?"

ಹೆಂಡತಿ ಉಳಿ ಸುತ್ತುವ ಬಟ್ಟೆ ತಂದು ಮುಂದಿಟ್ಟರು.

"ಗೆದ್ರೆ?"

ಮೇಸ್ತ್ರಿ ಉಳಿಗಳನ್ನು ಒಂದೊಂದಾಗಿ ಬಟ್ಟೆಯಲ್ಲಿ ಸುತ್ತುತ್ತ ಹೋದರು.

ಮೈದಾನದಲ್ಲಿ ಅದೇ ಸುರಂಗದ ಬಾಯಿ, ಹೊಸ ಮೇಜು. ಆದರೆ ಒಬ್ಬ ಪೊಲೀಸ್ ಬಂದು ಪೆಟ್ಟಿಗೆಯನ್ನು ನನ್ನ ಕೈಯಿಂದ ತೆಗೆದುಕೊಂಡು ತನ್ನ ಕಾಲ ಬಳಿ ಇಟ್ಟುಕೊಂಡ. "ಮೇಲಿನವರು ಹೇಳಿದ್ದಾರೆ ಸಾರ್, ಹುಷಾರಾಗಿರು ಅಂತ" ಎಂದು ಹಲ್ಲು ಗಿಂಜಿದ. ಎದುರಿಗೆ ಒಂದು ಕ್ಯಾಮೆರಾ. ಅದು ಆಟ ತೋರಿಸುತ್ತಿರಲಿಲ್ಲ. ಮೇಸ್ತ್ರಿಯ ಎರಡು ಕೈಗಳನ್ನು ಮಾತ್ರ ತೋರಿಸುತ್ತಿತ್ತು. ಮೈದಾನದ ದೊಡ್ಡ ಪರದೆಯ ಮೂಲೆಯಲ್ಲಿ, ಅಂಕಿಗಳ ಪಕ್ಕದಲ್ಲಿ, ಇಡೀ ಆಟದುದ್ದಕ್ಕೂ ಆ ಕೈಗಳು. ಒಮ್ಮೆ ಅವರು ಮೂಗು ತುರಿಸಿಕೊಳ್ಳಲು ಕೈ ಎತ್ತಿದರು. ಗ್ಯಾಲರಿ ಒಂದೇ ಗಂಟಲಾಗಿ "ಕೈ! ಕೈ!" ಎಂದು ಅರಚಿತು. ಮೇಸ್ತ್ರಿ ಬೆಚ್ಚಿ ಕೈ ಕೆಳಗಿಟ್ಟರು. ಜನಕ್ಕೆ ಅದು ಬಹಳ ರುಚಿಸಿತು. ಆಮೇಲೆ ನಮ್ಮವರು ಚೆಂಡು ಹಿಡಿದು ಮುಂದೆ ಹೋದಾಗಲೆಲ್ಲ "ಕೈ! ಕೈ!" ಎಂದರು. ಎರಡೂ ಅಂಗೈ ಮೇಲೆ ಮಾಡಿ ತೋರಿಸುವವರೆಗೂ ಬಿಡುತ್ತಿರಲಿಲ್ಲ.

ಮೊದಲ ಗೋಲು ಗಡಿಯಾಚೆಯವರದ್ದು. ಸುತ್ತಲಿನವರೆಲ್ಲ ತಲೆ ಮೇಲೆ ಕೈ ಹೊತ್ತರು. ಮೇಸ್ತ್ರಿಯ ಎದೆಯಿಂದ ಯಾರೋ ಕಲ್ಲು ಎತ್ತಿದಂತಾಯಿತು. ಹಿಂದಿನ ಸಾಲಿನವನೊಬ್ಬ, "ಈ ಎಂಬತ್ತೆಂಟು ಸುಮ್ಮನೇ ಕೂತಿದ್ರೂ ಹೋಯ್ತಲ್ಲೋ!" ಎಂದಾಗ, ಅವನ ಗೆಳೆಯ "ಅವರೇನು ಮಾಡ್ತಾರೋ, ನಮ್ಮವರಿಗೆ ಆಡೋಕೆ ಬರಲ್ಲ ಅಷ್ಟೇ" ಎಂದ. ಇಪ್ಪತ್ತನಾಲ್ಕು ವರ್ಷ ಕಾದ ಮಾತು. ಯಾರೋ ಊರುಪೇರಿಲ್ಲದವನು, ಬಾಯಲ್ಲಿ ತಿಂಡಿ ಇಟ್ಟುಕೊಂಡೇ ಹೇಳಿದ. ಮೇಸ್ತ್ರಿ ತಿರುಗಿ ಅವನ ಮುಖ ನೋಡಿದರು. ಇನ್ನೊಮ್ಮೆ ಹೇಳುತ್ತಾನೇನೋ ಎಂದು ಕಾದರು.

ಅಲ್ಲಿಂದ ಮುಂದೆ ಅವರ ಕಾಲು ಅವರ ಮಾತು ಕೇಳಲಿಲ್ಲ. ಗಡಿಯಾಚೆಯವರು ಓಡಿದರೆ ಮೇಜಿನ ಕೆಳಗೆ ಇವರ ಪಾದ ಮಿಡುಕುತ್ತಿತ್ತು. ನಮ್ಮ ಗೋಲ್‌ಕೀಪರ್ ಜಾರಿದಾಗ ತುಟಿ ಬಿಗಿಹಿಡಿದರು, ಸಂತೋಷ ಹೊರಗೆ ಚೆಲ್ಲದಂತೆ. ಕೈಗಳು ಮಾತ್ರ ಪರದೆಯ ಮೇಲೆ ಸತ್ತ ಮೀನುಗಳಂತೆ ಬಿದ್ದಿದ್ದವು.

ವಿರಾಮದ ನಂತರ ನಮ್ಮವರು ಒಂದು ಗೋಲು ಹೊಡೆದರು. ಆಮೇಲೆ ನಮ್ಮವನೊಬ್ಬ, ಯಾರೂ ಮುಟ್ಟದಿದ್ದರೂ, ಗುಂಡೇಟು ಬಿದ್ದವನಂತೆ ಉರುಳಿದ. ರೆಫರಿ ಪೆನಾಲ್ಟಿ ಕೊಟ್ಟ. ಮೇಸ್ತ್ರಿ ಕಣ್ಣು ಮುಚ್ಚಿಕೊಂಡರು. ಇಡೀ ಮೈದಾನ ಸಿಡಿಯಿತು. ಉಳಿದ ಹೊತ್ತೆಲ್ಲ ಗಡಿಯಾಚೆಯವರು ಮೈಮೇಲೆ ಬಿದ್ದರೂ ಚೆಂಡು ಒಳಹೋಗಲಿಲ್ಲ. ಒಂದು ಸಲ ಕಂಬಕ್ಕೆ ಬಡಿದು ಹೊರಬಂತು. ಆಗ ಮೇಸ್ತ್ರಿಯ ಗಂಟಲಿನಿಂದ ಹೊರಟ ಸದ್ದು ನನಗೊಬ್ಬನಿಗೇ ಕೇಳಿಸಿತು. ಗೆಳೆಯರು ತೀರಿಹೋದಾಗ ಜನ ಹಾಗೆ ಸದ್ದು ಮಾಡುತ್ತಾರೆ.

ಕೊನೆಯ ಸೀಟಿ ಆಯಿತು.

ಎಷ್ಟೆಂದರೂ ಕೆಲಸ ಕೆಲಸವೇ. ಮೇಸ್ತ್ರಿ ಎದ್ದು ಪೊಲೀಸಿನವನ ಕಡೆ ಕೈ ಚಾಚಿದರು. "ಪೆಟ್ಟಿಗೆ ಕೊಡಪ್ಪ, ಸೀಟಿ ಆಯ್ತು."

ಕಾರ್ಯದರ್ಶಿ ಓಡಿಬಂದ. "ಅಯ್ಯೋ, ಬೇಡ ಬೇಡ, ಕೂತ್ಕೊಳ್ಳಿ. ಹೆಸರು ಸ್ಟಿಕ್ಕರ್ ಮಾಡಿಸಿದ್ದೀವಿ, ಅಂಟಿಸಿ ಆಯ್ತು. ಮುಂದಿನ ವಾರ ಮಿಷನ್ನಿನಲ್ಲಿ ಕೊರೆಸ್ತೀವಿ."

"ನಾನೇ ಕೆತ್ತಬೇಕು ಅಂದಿದ್ರಿ."

"ಅಂದಿದ್ದೆ. ಈಗ ನೋಡಿ, ನೀವು ಮುಟ್ಟಲಿಲ್ಲ, ಗೆದ್ದೆವು. ಮತ್ಯಾಕೆ ಅದಕ್ಕೆ ಕೈ ಹಾಕೋದು? ಬುದ್ಧಿವಂತರು ನೀವು."

ಅಷ್ಟರಲ್ಲಿ ಬೇಲಿ ಹಾರಿ ಬಂದ ಜನ ಮೇಸ್ತ್ರಿಯನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡರು. "ಎಂಬತ್ತೆಂಟು ಕೆತ್ತಲಿಲ್ಲ, ನಮ್ಮ ಕಪ್ಪು ತಪ್ಪಲಿಲ್ಲ!" ಎಂದು ಆಗಲೇ ಒಂದು ಘೋಷಣೆ ಹುಟ್ಟಿಕೊಂಡಿತ್ತು. ಆಗ ತಿಂಡಿ ತಿನ್ನುತ್ತ ಅವರ ಪರವಾಗಿ ಒಂದು ಮಾತು ಹೇಳಿದವನು ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದ. ಕೆಲವರು ಅವರ ಕೈ ಹಿಡಿದು ಕಣ್ಣಿಗೊತ್ತಿಕೊಂಡರು. ಒಬ್ಬ ಮುದುಕ ಅಳುತ್ತ, "ಆವತ್ತೂ ಹೀಗೇ ಸುಮ್ಮನೆ ಇದ್ದಿದ್ರೆ ಆಗ್ತಿರಲಿಲ್ವೇನಯ್ಯ?" ಎಂದ. ಕ್ಷಮೆ ಅಂದರೆ ಹೀಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಅವರ ಕೈಯ ಬಗ್ಗೆ ಇಪ್ಪತ್ತನಾಲ್ಕು ವರ್ಷ ಅನುಮಾನವಾಗಿದ್ದದ್ದು ಆ ಹೊತ್ತಿಗೆ ಪಕ್ಕಾ ಆಯಿತು.

ಯಜಮಾನರು ಟಿವಿಯವರ ಮುಂದೆ ನಿಂತು, "ನಾನು ಆವತ್ತೇ ಬೇಡ ಅಂದಿದ್ದೆ" ಎನ್ನುತ್ತಿದ್ದರು. ಜನ ಮೇಸ್ತ್ರಿಯನ್ನು ಕೆಳಗಿಳಿಸಿ ಯಜಮಾನರ ಪಕ್ಕದಲ್ಲೇ ನಿಲ್ಲಿಸಿದರು. ಅಂಗಿಯ ಒಂದು ತೋಳು ಹರಿದಿತ್ತು, ಒಂದು ಕಾಲಿನ ಚಪ್ಪಲಿ ಇರಲಿಲ್ಲ. ಟಿವಿಯ ಹುಡುಗಿ ಮೈಕನ್ನು ಅವರ ಬಾಯಿಗೆ ಹಿಡಿದಳು.

"ಸಾರ್, ಇಡೀ ದೇಶ ಇವತ್ತು ನಿಮ್ಮನ್ನ ಕ್ಷಮಿಸಿದೆ! ನಿಜ ಹೇಳಿ, ಅಷ್ಟು ಹೊತ್ತೂ ಕೈ ಕಟ್ಟಿಕೊಂಡು, ನಮ್ಮವರು ಗೆಲ್ಲಲಿ ಅಂತ ತಾನೇ ಒಳಗೊಳಗೇ ಬೇಡ್ಕೊಳ್ತಿದ್ರಿ?"

"ಇಲ್ಲಮ್ಮ" ಎಂದರು ಮೇಸ್ತ್ರಿ. "ಸೋಲಲಿ ಅಂತ."